ಪೆನ್ನಿನ ಮೈ ಬೇಡ, ತುದಿ ತೋರಿಸಿ

ವಾರಕ್ಕೆ ಒಂದಾದರೂ ಫೋಟೊ ಬರುತ್ತದೆ. ಲೇತ್‌ನಲ್ಲಿ ಕಡೆದ ಮರದ ಪೆನ್ನು. ಕನ್ನಡಿಯಂಥ ಪಾಲಿಶ್, ಚಿನ್ನದ ಬಣ್ಣದ ಕ್ಲಿಪ್ಪು, ಕೆಳಗೆ ಬಿಳಿ ಬಟ್ಟೆ. ಜೊತೆಗೆ ಒಂದೇ ಸಾಲು: "ಸಾರ್, ಇದು ಬೀಟೆ ಅಲ್ವಾ?"

ಪೆನ್ನು ಚೆನ್ನಾಗಿರುತ್ತದೆ. ಕಡೆದವರ ಕೈಗೆ ಮುತ್ತಿಡಬೇಕು ಅನ್ನಿಸುತ್ತದೆ. ಆದರೆ ಆ ಫೋಟೊ ನೋಡಿ ಮರದ ಹೆಸರು ಹೇಳಲು ನನ್ನಿಂದ ಆಗುವುದಿಲ್ಲ. ಇಷ್ಟು ವರ್ಷ ಮರ ಗುರುತಿಸುವ ಕೆಲಸ ಮಾಡಿದ ಮೇಲೂ ಆಗುವುದಿಲ್ಲ. ಹೀಗೆ ಹೇಳಿದರೆ ಕೆಲವರಿಗೆ ಬೇಜಾರು. "ಬಣ್ಣ ನೋಡಿದ್ರೆ ಗೊತ್ತಾಗಲ್ವಾ?" ಎಂದು ಇನ್ನೂ ನಾಲ್ಕು ಫೋಟೊ ಕಳಿಸುತ್ತಾರೆ. ನಾಲ್ಕೂ ಅದೇ ಮೈಯವು.

ಬಣ್ಣವನ್ನು ನಂಬಬೇಡಿ. ಈಗಷ್ಟೇ ಕೊಯ್ದ ಹಲಸಿನ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಅರಿಸಿನದಂತೆ ಹಳದಿ. ಗಾಳಿ ಬೆಳಕು ತಾಗಿ ವರ್ಷ ಕಳೆದರೆ ಅದೇ ಮರ ಗಾಢ ಕಂದು. ಪೆನ್ನಿಗೆ ಸೂಪರ್ ಗ್ಲೂ ಹಚ್ಚಿ ಹೊಳಪು ತಂದರೆ ಇನ್ನೂ ಒಂದು ಪಟ್ಟು ಕಪ್ಪಾಗಿ ಕಾಣುತ್ತದೆ. ಬಣ್ಣ ಕುಡಿಸಿದ, ರಾಳ ತುಂಬಿಸಿದ ತುಂಡುಗಳೂ ಅಂಗಡಿಯಲ್ಲಿ ಸಿಗುತ್ತವೆ. ತೂಕವೂ ಸಹಾಯಕ್ಕೆ ಬರುವುದಿಲ್ಲ. ರಕ್ತಚಂದನದ ಚೇಗು ನೀರಲ್ಲಿ ಮುಳುಗುವುದು ನಿಜ. ಆದರೆ ಒಳಗೆ ಹಿತ್ತಾಳೆ ಕೊಳವೆ ಇರುವಾಗ ಯಾವ ಮರದ ಪೆನ್ನೂ ಮುಳುಗೀತು. ವಾಸನೆಯೂ ಅಷ್ಟೇ. ಯಾವುದೋ ಬಿಳಿ ಮರಕ್ಕೆ ಗಂಧದೆಣ್ಣೆ ಸವರಿ "ಶ್ರೀಗಂಧದ ಪೆನ್ನು" ಎಂದು ಮಾರಿದ್ದನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ.

ಹಾಗಾದರೆ ಹೆಸರು ಎಲ್ಲಿದೆ? ಅಡ್ಡ ಕೊಯ್ದ ಮುಖದಲ್ಲಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಅನ್ನಿಸುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಟ್ಟು ಮಾಡಿ ಹಿಡಿದ ಸ್ಟ್ರಾಗಳನ್ನು ನೆನೆಸಿಕೊಳ್ಳಿ. ಪಕ್ಕದಿಂದ ನೋಡಿದರೆ ಉದ್ದ ಗೆರೆಗಳು ಅಷ್ಟೇ. ತುದಿಯಿಂದ ನೋಡಿದರೆ ಎಷ್ಟು ತೂತು, ಎಷ್ಟು ದೊಡ್ಡವು, ಹೇಗೆ ಕೂತಿವೆ ಎಲ್ಲ ಕಾಣುತ್ತದೆ. ಮರವೂ ಹಾಗೆಯೇ. ತೇಗದಲ್ಲಿ ವರ್ಷದ ಮೊದಲ ರಂಧ್ರಗಳು ದೊಡ್ಡವು, ಸಾಲಾಗಿ ನಿಂತಿರುತ್ತವೆ, ಆಮೇಲಿನವು ಸಣ್ಣವು. ಬೀಟೆಯಲ್ಲಿ ರಂಧ್ರಗಳು ಅಲ್ಲಲ್ಲಿ ಚದುರಿರುತ್ತವೆ. ಅವುಗಳ ಸುತ್ತ ತಿಳಿ ಬಣ್ಣದ ರೆಕ್ಕೆಗಳಿದ್ದು, ಒಂದಕ್ಕೊಂದು ಕೂಡಿ ಅಲೆಯಂಥ ಗೆರೆಯಾಗುತ್ತವೆ. ಚನ್ನಪಟ್ಟಣದ ಆಲೆ ಮರದಲ್ಲಿ ರಂಧ್ರಗಳು ಎಷ್ಟು ಸಣ್ಣವೆಂದರೆ ಬರಿಗಣ್ಣಿಗೆ ಮುಖವೆಲ್ಲ ದಂತದ ಹಾಗೆ ನುಣುಪು. ಅಲ್ಲಿನವರು ಈ ಪ್ರಶ್ನೆ ಕೇಳುವುದು ಕಡಿಮೆ. ಮೇಲಿರುವುದು ಅರಗಿನ ಬಣ್ಣ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಕಷ್ಟ ಏನೆಂದರೆ, ಪೆನ್ನು ಬಚ್ಚಿಡುವುದು ಈ ತುದಿಯನ್ನೇ. ತುಂಡನ್ನು ಉದ್ದಕ್ಕೆ ಕೊರೆದು, 7 ಮಿಲಿಮೀಟರ್ ಹಿತ್ತಾಳೆ ಕೊಳವೆ ಅಂಟಿಸಿ, ಎರಡೂ ತುದಿಗೆ ಲೋಹದ ಬಿಡಿಭಾಗ ಒತ್ತಿರುತ್ತಾರೆ. ಸಣ್ಣ ಪೆನ್ನಿನ ತುದಿಯಲ್ಲಿ ಉಳಿಯುವ ಮರ ಮುಕ್ಕಾಲು ಮಿಲಿಮೀಟರ್ ಆಸುಪಾಸು. ದೊಡ್ಡ ರಂಧ್ರದ ಮರವಾದರೆ ಆ ಅಗಲದಲ್ಲಿ ಮೂರು ರಂಧ್ರ ಹಿಡಿಸಿದರೆ ಹೆಚ್ಚು.

ಹೋದ ವರ್ಷ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಅಂಥದ್ದೇ ಒಂದು ಪೆನ್ನು ತಂದಿದ್ದರು. ಹಳೇ ಮನೆ ಕೆಡವಿದಾಗ ಉಳಿದ ಬಾಗಿಲುವಾಡದ ತುಂಡಿನಿಂದ ಮೊಮ್ಮಗ ಕಡೆದು ಕೊಟ್ಟದ್ದು. "ನಮ್ಮಜ್ಜ ಬೀಟೆ ಅಂತಲೇ ಹೇಳ್ತಿದ್ರು" ಎಂದರು. ಮಿಕ್ಕ ತುಂಡು ಎಲ್ಲಿ ಎಂದೆ. ಮೊಮ್ಮಗ ಬಿಸಾಡಿದ್ದ. ಬಿಚ್ಚಿದರೆ ಬಿರುಕು ಬಿಡಬಹುದು ಎಂದು ಮೊದಲೇ ಹೇಳಿದೆ. ಒಂದು ಗಳಿಗೆ ಯೋಚಿಸಿ, ಬಿಚ್ಚಿ ಎಂದರು.

ಒಳಗಿನಿಂದ ಸಣ್ಣ ಸರಳಿಟ್ಟು ಮೆಲ್ಲಗೆ ತಟ್ಟಿ ಲೋಹದ ತುದಿ ಹೊರಗೆ ತೆಗೆದೆ. ಹೊಸ ಬ್ಲೇಡಿನಿಂದ ಆ ಉಂಗುರದ ಮೇಲೆ ಒಂದೇ ಒಂದು ತೆಳು ಪದರ ಹೆರೆದೆ. ಒಂದು ಹನಿ ನೀರು. 10 ಪಟ್ಟು ಭೂತಗನ್ನಡಿ. ಉಂಗುರ ತೆಳುವಾದರೂ ಅದರ ಸುತ್ತ ಒಂದು ಸುತ್ತು ಬಂದರೆ, ಮರದ 8 ಮಿಲಿಮೀಟರ್ ಬೆಳವಣಿಗೆಯನ್ನು ದಾಟಿ ಬಂದ ಹಾಗಾಗುತ್ತದೆ. ಹಾಗಾಗಿ ಒಂದೇ ಕಡೆ ನೋಡದೆ ಪೆನ್ನನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದೆ. ದೊಡ್ಡ ರಂಧ್ರಗಳು, ಅಲ್ಲೊಂದು ಇಲ್ಲೊಂದು. ಸುತ್ತ ಕಣ್ಣಿನಾಕಾರದ ತಿಳಿ ಬಣ್ಣ. ಮರದ ನಡುವಿನಿಂದ ತೊಗಟೆಯ ಕಡೆಗೆ ಹೋಗುವ ಕಿರಣದ ಗೆರೆಗಳು ಬರಿಗಣ್ಣಿಗೇ ಕಾಣುವಷ್ಟು ದಪ್ಪ. ಬೀಟೆಯಲ್ಲಿ ಅವು ಕೂದಲಿಗಿಂತ ಸಣ್ಣ. ಆಮೇಲೆ ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಬೀಟೆಯ ಮೈಯಲ್ಲಿ, ವರ್ಷದ ಬಳೆ ಚಪ್ಪಟೆಯಾಗಿ ಕಾಣುವ ಕಡೆ, ಕೆರೆಯ ನೀರಿನ ಮೇಲೆ ಗಾಳಿ ಎಬ್ಬಿಸಿದ ನಿರಿಗೆಯಂಥ ಸಣ್ಣ ಅಡ್ಡಗೆರೆಗಳಿರುತ್ತವೆ. ಇದರಲ್ಲಿ ಇರಲಿಲ್ಲ.

"ಮೇಷ್ಟ್ರೇ, ಇದು ಹಲಸು" ಎಂದೆ.

ಅವರ ಮುಖ ಸಣ್ಣದಾಯಿತು. ನನಗೂ ಸಂಕಟವಾಯಿತು. ಆದರೆ ಮಲೆನಾಡಿನ ಮನೆಗಳಲ್ಲಿ ಬಾಗಿಲಿಗೆ, ಕಂಬಕ್ಕೆ ಹಲಸು ಹಾಕುತ್ತಿದ್ದದ್ದು ತಿಳಿದೇ ಅಲ್ವಾ? ಅದರ ಚೇಗಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು, ಅಂಗಳದ ಮೂಲೆಯಲ್ಲಿ ಒಂದು ದೊಡ್ಡ ಹಲಸಿನ ಬುಡ ಇತ್ತಂತೆ, ಅದರ ಮೇಲೆ ಕೂತು ಅಜ್ಜ ಎಲೆಯಡಿಕೆ ಹಾಕುತ್ತಿದ್ದರಂತೆ.

ಎಲ್ಲ ಸಲ ಇಷ್ಟು ಸಲೀಸಾಗಿ ಉತ್ತರ ಸಿಗುವುದಿಲ್ಲ. ಎಷ್ಟೋ ಸಲ ಕುಲದ, ಅಂದರೆ ಹತ್ತಿರದ ಸಂಬಂಧಿ ಮರಗಳ ಗುಂಪಿನ, ಹೆಸರಿಗೇ ನಿಲ್ಲಬೇಕಾಗುತ್ತದೆ. ನನ್ನ ವರದಿಯಲ್ಲಿ, ಬೀಟೆ ಸೇರಿರುವ "ಡಾಲ್ಬರ್ಜಿಯ ಕುಲ" ಎಂದಷ್ಟೇ ಇದ್ದರೆ ಅದು ಸೋಮಾರಿತನವಲ್ಲ, ಕಂಡದ್ದು ಅಷ್ಟೇ. ಅನುಮಾನವಿದ್ದರೆ, ಹೆಸರು ಖಚಿತವಿರುವ ಮಾದರಿಗಳ ಪಕ್ಕದಲ್ಲಿಟ್ಟು ನೋಡಬೇಕು. ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಅಂಥ ಸಂಗ್ರಹವಿದೆ. ಪೆನ್ನನ್ನು ಹೊರದೇಶಕ್ಕೆ ಮಾರುವವರಿಗೆ ಈ ಕುಲದ ಹೆಸರೇ ಮುಖ್ಯ. 2017ರ ಜನವರಿಯಿಂದ ಬೀಟೆಯ ಕುಲ ಪೂರ್ತಿ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ರಕ್ತಚಂದನವೂ ಇದೆ. ಸಣ್ಣ ವಸ್ತುಗಳ ವಿನಾಯಿತಿ ನಿಯಮ ನಡುವೆ ಬದಲಾಗಿದೆ. ಕಳಿಸುವ ಮೊದಲು ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿ, ನನ್ನ ಮಾತಿನ ಮೇಲೆ ಹೋಗಬೇಡಿ.

ಪೆನ್ನು ಕಡೆಯುವವರಲ್ಲಿ ಒಂದೇ ಕೋರಿಕೆ. ಲೇತ್‌ಗೆ ಏರಿಸುವ ಮೊದಲು ತುಂಡಿನ ತುದಿಯಿಂದ ಎರಡು ಬೆರಳಗಲ ಕೊಯ್ದು ಎತ್ತಿಡಿ. ಪೆನ್ಸಿಲ್‌ನಲ್ಲಿ ದಿನಾಂಕ ಬರೆಯಿರಿ, ಎಲ್ಲಿಂದ ಬಂದ ಮರ ಎಂದು ಬರೆಯಿರಿ. ಒಂದು ಹಿಡಿ ಹೆರೆದ ಸಿಪ್ಪೆಯನ್ನೂ ಕವರಿಗೆ ಹಾಕಿ. ಹೊನ್ನೆಯ ಸಿಪ್ಪೆಯನ್ನು ಗಾಜಿನ ಲೋಟದ ನೀರಲ್ಲಿ ನೆನೆಸಿ, ಕಪ್ಪು ಬಟ್ಟೆಯ ಮುಂದೆ ಬಿಸಿಲಿಗೆ ಹಿಡಿದರೆ ನೀರಿನ ಅಂಚು ನೀಲಿಯಾಗಿ ಹೊಳೆಯುತ್ತದೆ. ಅದೊಂದೇ ಸಾಕ್ಷಿ ಸಾಲದು, ಆದರೂ ದೊಡ್ಡ ಸುಳಿವು.

ಆ ತುಂಡನ್ನು ನನಗೆ ಕಳಿಸುವಾಗ ದಯವಿಟ್ಟು ಚೆಂದ ಮಾಡಬೇಡಿ. ಮರಳು ಕಾಗದದಲ್ಲಿ ಉಜ್ಜಿದರೆ ಧೂಳು ರಂಧ್ರದೊಳಗೆ ಕೂತು ಎಲ್ಲ ಮುಚ್ಚಿಹೋಗುತ್ತದೆ. ಎಣ್ಣೆ ಬೇಡ, ಮೇಣ ಬೇಡ. ಗರಗಸದ ಗುರುತು ಇದ್ದ ಹಾಗೇ ಕಳಿಸಿ. ಬ್ಲೇಡು ನನ್ನ ಹತ್ತಿರ ಇದೆ.