ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕ: ಹಂಗೇರಿಯ ಅಂಕಪಟ್ಟಿ ಓದುವ ಬಗೆ

ಪ್ರತಿ ವರ್ಷ ಮೇ 3ರ ಆಸುಪಾಸಿನಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಪತ್ರಿಕಾ ಸ್ವಾತಂತ್ರ್ಯದಲ್ಲಿ 180 ದೇಶಗಳ ಪೈಕಿ ಭಾರತಕ್ಕೆ ಇಷ್ಟನೇ ಸ್ಥಾನ ಅಂತ. 2023ರಲ್ಲಿ 161, 2025ರಲ್ಲಿ 151. ಕೆಲವರು ನಾಚಿಕೆಗೇಡು ಅನ್ನುತ್ತಾರೆ. ಇನ್ನು ಕೆಲವರು ಆ ಪಟ್ಟಿಯೇ ಬೋಗಸ್ ಅನ್ನುತ್ತಾರೆ. ಎರಡು ದಿನ ಗಲಾಟೆ ನಡೆದು ತಣ್ಣಗಾಗುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು, ಯಾರು ಲೆಕ್ಕ ಹಾಕಿದರು ಅಂತ ಕೇಳುವವರು ಕಡಿಮೆ.

ನಮ್ಮ ದೇಶದ್ದನ್ನೇ ಎತ್ತಿಕೊಂಡು ಇದನ್ನು ಬಿಡಿಸಲು ಹೋದರೆ ಮಾತು ಪಕ್ಷಗಳ ಜಗಳಕ್ಕೆ ಹೊರಳುತ್ತದೆ. ಅದಕ್ಕೆ ಹಂಗೇರಿಯನ್ನು ನೋಡೋಣ. ಬೆಂಗಳೂರಿಗಿಂತ ಕಡಿಮೆ ಜನ ಇರುವ ದೇಶ. 2004ರಿಂದ ಐರೋಪ್ಯ ಒಕ್ಕೂಟದ ಸದಸ್ಯ. ಸ್ವಾತಂತ್ರ್ಯ ಅಳೆಯುವವರಿಗೆಲ್ಲ ಕಳೆದ ಹದಿನೈದು ವರ್ಷಗಳಲ್ಲಿ ಜಾಸ್ತಿ ತಲೆನೋವು ಕೊಟ್ಟ ದೇಶಗಳಲ್ಲಿ ಇದೂ ಒಂದು.

ಸುದ್ದಿಯಲ್ಲಿ ಬರುವ ಆ ಪಟ್ಟಿ ಪ್ಯಾರಿಸ್‌ನ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಅನ್ನುವ ಸಂಸ್ಥೆಯದು. ಚುಟುಕಾಗಿ ಆರ್‌ಎಸ್‌ಎಫ್ ಅನ್ನುತ್ತಾರೆ. 2002ರಿಂದ ಇದು ಬರುತ್ತಿದೆ. ಪ್ರತಿ ದೇಶಕ್ಕೂ 0ಯಿಂದ 100ರವರೆಗೆ ಅಂಕ. ರಾಜಕೀಯ ಒತ್ತಡ, ಹಣಕಾಸು, ಕಾನೂನು, ಸಮಾಜದ ವಾತಾವರಣ, ಪತ್ರಕರ್ತರ ಸುರಕ್ಷತೆ, ಈ ಐದೂ ಸೇರಿ ಒಟ್ಟು ಅಂಕ ಬರುತ್ತದೆ. ಅಂಕ ಹಾಕುವುದಕ್ಕೆ ಎರಡು ದಾರಿ ಇವೆ. ಒಂದು, ಎಣಿಸಬಹುದಾದದ್ದನ್ನು ಎಣಿಸುವುದು: ಎಷ್ಟು ಪತ್ರಕರ್ತರ ಕೊಲೆಯಾಯಿತು, ಎಷ್ಟು ಜನ ಜೈಲಿನಲ್ಲಿದ್ದಾರೆ. ಇನ್ನೊಂದು, ನೂರಕ್ಕೂ ಹೆಚ್ಚು ಪ್ರಶ್ನೆಗಳ ಒಂದು ಪಟ್ಟಿ. ಆಯಾ ದೇಶದ ಪತ್ರಕರ್ತರು, ಸಂಶೋಧಕರು, ಮಾನವ ಹಕ್ಕುಗಳ ಕೆಲಸ ಮಾಡುವವರು ಅದಕ್ಕೆ ಉತ್ತರ ಬರೆಯುತ್ತಾರೆ.

ಎಣಿಕೆ ಒಂದನ್ನೇ ನಂಬಿದರೆ ಹಂಗೇರಿ ಸ್ವರ್ಗ. ಅಲ್ಲಿ ಪತ್ರಕರ್ತರನ್ನು ಕೊಂದಿಲ್ಲ, ವರ್ಷಗಟ್ಟಲೆ ಒಳಗೆ ಕೂರಿಸಿಲ್ಲ. ಪಕ್ಕದ ಸ್ಲೊವಾಕಿಯಾದಲ್ಲಿ 2018ರ ಫೆಬ್ರವರಿಯಲ್ಲಿ ಯಾನ್ ಕುಚಿಯಾಕ್ ಅನ್ನುವ ತನಿಖಾ ಪತ್ರಕರ್ತನನ್ನು, ಅವನನ್ನು ಮದುವೆಯಾಗಬೇಕಿದ್ದ ಹುಡುಗಿಯ ಜೊತೆಗೇ ಮನೆಯಲ್ಲೇ ಗುಂಡಿಟ್ಟು ಕೊಂದರು. ಆದರೂ 2019ರ ಪಟ್ಟಿಯಲ್ಲಿ ಸ್ಲೊವಾಕಿಯಾ 35ನೇ ಸ್ಥಾನದಲ್ಲಿತ್ತು, ಹಂಗೇರಿ 87ರಲ್ಲಿ. ಇದೆಂಥ ಲೆಕ್ಕ ಅನ್ನಿಸುತ್ತದೆ, ಅಲ್ವಾ? ಉತ್ತರ ಬೇಕಿದ್ದರೆ ಹಂಗೇರಿಯಲ್ಲಿ ಏನಾಯಿತು ಅಂತ ಹತ್ತಿರದಿಂದ ನೋಡಬೇಕು.

2010ರ ಸಂಸತ್ ಚುನಾವಣೆಯಲ್ಲಿ ವಿಕ್ಟರ್ ಓರ್ಬಾನ್ ಅವರ ಪಕ್ಷ ಮೂರನೇ ಎರಡರಷ್ಟು ಬಹುಮತದಿಂದ ಗೆದ್ದು, ಅವರು ಪ್ರಧಾನಿಯಾದರು. ಆ ವರ್ಷ ಆರ್‌ಎಸ್‌ಎಫ್ ಪಟ್ಟಿಯಲ್ಲಿ ಹಂಗೇರಿ 23ನೇ ಸ್ಥಾನದಲ್ಲಿತ್ತು. ಅದೇ ವರ್ಷ ಹೊಸ ಮಾಧ್ಯಮ ಕಾನೂನು ಬಂತು. ಮಾಧ್ಯಮ ಮಂಡಳಿಯ ಸದಸ್ಯರನ್ನು ಸಂಸತ್ತು ಒಂಬತ್ತು ವರ್ಷಕ್ಕೆ ಆರಿಸಬೇಕು ಅಂತಾಯಿತು. ಬಹುಮತ ಆಳುವ ಪಕ್ಷದ ಕೈಯಲ್ಲೇ ಇದ್ದದ್ದರಿಂದ ಎಲ್ಲರೂ ಅವರ ಕಡೆಯವರೇ ಆದರು.

2016ರ ಅಕ್ಟೋಬರ್ 8, ಶನಿವಾರ. ನೇಪ್‌ಸಬಡ್‌ಶಾಗ್ ಅನ್ನುವ ಪತ್ರಿಕೆ ಅವತ್ತು ನಿಂತಿತು. 1956ರಿಂದ ನಡೆದುಬಂದ ದೊಡ್ಡ ದಿನಪತ್ರಿಕೆ ಅದು. ಸಿಬ್ಬಂದಿ ಹೊಸ ಆಫೀಸಿಗೆ ಹೋಗುವುದಕ್ಕೆ ಸಾಮಾನು ಪೆಟ್ಟಿಗೆಗೆ ತುಂಬಿಟ್ಟಿದ್ದರು. ಬೆಳಗ್ಗೆ ಕೈಗೆ ಪತ್ರ ಬಂತು: ಪ್ರಕಟಣೆ ನಿಲ್ಲಿಸಲಾಗಿದೆ, ಕೆಲಸಕ್ಕೆ ಬರಬೇಡಿ. ನಷ್ಟ ತಡೆಯಲಾಗುತ್ತಿಲ್ಲ ಅಂತ ಮಾಲೀಕ ಕಂಪನಿ ಹೇಳಿತು. ನಷ್ಟ ನಿಜವೇ. ಆದರೆ ಅದಕ್ಕೆ ಸ್ವಲ್ಪ ದಿನ ಮುಂಚೆಯಷ್ಟೇ ಆ ಪತ್ರಿಕೆ ಸಚಿವರೊಬ್ಬರ ಹೆಲಿಕಾಪ್ಟರ್ ಪ್ರಯಾಣದ ಕಥೆ ಬಯಲಿಗೆ ತಂದಿತ್ತು. ಕೆಲವೇ ವಾರಗಳಲ್ಲಿ ಆ ಮಾಲೀಕ ಕಂಪನಿಯೇ ಕೈ ಬದಲಾಯಿಸಿತು. ಹೊಸ ಮಾಲೀಕರಿಗೆ ನಂಟಿದ್ದದ್ದು ಲೋರಿಂಟ್ಸ್ ಮೇಸಾರೋಶ್ ಜೊತೆ. ಒಂದು ಕಾಲದಲ್ಲಿ ಗ್ಯಾಸ್ ಪೈಪ್ ಜೋಡಿಸುತ್ತಿದ್ದ ಮನುಷ್ಯ. ಓರ್ಬಾನ್ ಬೆಳೆದ ಫೆಲ್ಚೂಟ್ ಊರಿನ ಮೇಯರ್ ಆದವರು, ಆಮೇಲೆ ದೇಶದ ಅತಿ ಶ್ರೀಮಂತರ ಸಾಲಿಗೆ ಸೇರಿದವರು.

ಎಣಿಸುವವರ ಕಡತದಲ್ಲಿ ಈ ಘಟನೆ ಏನಂತ ದಾಖಲಾಗಬೇಕು? ಸಾವಿಲ್ಲ, ಬಂಧನವಿಲ್ಲ, ಸೆನ್ಸಾರ್ ಆದೇಶವೂ ಇಲ್ಲ. ಒಂದು ಖಾಸಗಿ ಕಂಪನಿ ನಷ್ಟದ ವ್ಯವಹಾರ ಮುಚ್ಚಿತು, ಅಷ್ಟೇ.

2018ರ ನವೆಂಬರಿನಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು. ಸರ್ಕಾರದ ಪರ ಇದ್ದ ಮಾಲೀಕರು ತಮ್ಮ ಟಿವಿ, ರೇಡಿಯೋ, ಪತ್ರಿಕೆ, ವೆಬ್‌ಸೈಟ್‌ಗಳನ್ನೆಲ್ಲ ಕೆಸ್ಮಾ ಅನ್ನುವ ಒಂದೇ ಪ್ರತಿಷ್ಠಾನಕ್ಕೆ ಬರೆದುಕೊಟ್ಟರು. ಮಾರಲಿಲ್ಲ, ದಾನ ಮಾಡಿದರು! ಎಲ್ಲ ಸೇರಿ 470ಕ್ಕೂ ಹೆಚ್ಚು. ಇಷ್ಟು ದೊಡ್ಡ ವಿಲೀನವನ್ನು ಸ್ಪರ್ಧಾ ಪ್ರಾಧಿಕಾರ, ಅಂದರೆ ಮಾರುಕಟ್ಟೆ ಒಬ್ಬರ ಕೈಗೇ ಸೇರದಂತೆ ನೋಡಿಕೊಳ್ಳುವ ಸಂಸ್ಥೆ, ತಪಾಸಣೆ ಮಾಡಬೇಕಿತ್ತು. ಇದು ರಾಷ್ಟ್ರಕ್ಕೆ ತುಂಬ ಮಹತ್ವದ ವಿಷಯ ಅಂತ ಸರ್ಕಾರ ಆದೇಶ ಹೊರಡಿಸಿ ಆ ತಪಾಸಣೆಯನ್ನೇ ತಪ್ಪಿಸಿತು.

ಜೊತೆಗೆ ಸರ್ಕಾರಿ ಜಾಹೀರಾತು. ಪರವಾಗಿ ಬರೆದವರಿಗೆ ಧಾರಾಳ, ವಿರುದ್ಧ ಬರೆದವರಿಗೆ ಬರ. ನಮ್ಮಲ್ಲಿ ಜಿಲ್ಲಾ ಪತ್ರಿಕೆ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರವನ್ನು ಟೀಕಿಸುತ್ತಿದ್ದ ಕ್ಲುಬ್‌ರಾಡಿಯೋ ಅನ್ನುವ ಬುಡಾಪೆಸ್ಟಿನ ರೇಡಿಯೋ ಸ್ಟೇಷನ್‌ಗೆ ಹೊಡೆತ ಬಿದ್ದದ್ದು ಕಾಗದಪತ್ರದ ಕಡೆಯಿಂದ. ಹಂಗೇರಿಯ ಸಂಗೀತ ಇಂತಿಷ್ಟು ಹಾಕಬೇಕು ಅನ್ನುವಂಥ ಪ್ರಸಾರದ ಕೋಟಾ ಬಗ್ಗೆ ಕೊಡಬೇಕಾದ ಮಾಹಿತಿಯನ್ನು ತಡವಾಗಿ ಕೊಟ್ಟಿದ್ದೀರಿ ಅಂತ ಪರವಾನಗಿ ನವೀಕರಿಸಲಿಲ್ಲ. 2021ರ ಫೆಬ್ರವರಿಯಲ್ಲಿ ಅದು ತರಂಗಾಂತರ ಕಳೆದುಕೊಂಡು ಇಂಟರ್ನೆಟ್‌ಗೆ ಸರಿಯಿತು.

ಸೂಚ್ಯಂಕದಲ್ಲಿ ಪ್ರಶ್ನಾವಳಿ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಇಲ್ಲಿದೆ. ಮಾಲೀಕರು ಯಾರು, ಜಾಹೀರಾತು ಯಾರಿಗೆ ಹೋಗುತ್ತದೆ, ಲೈಸೆನ್ಸ್ ಕೊಡುವ ಮಂಡಳಿಯಲ್ಲಿ ಯಾರು ಕೂತಿದ್ದಾರೆ, ಸಂಪಾದಕ ಹೆದರಿ ಸುದ್ದಿ ಬಿಡುತ್ತಾನಾ, ಇವನ್ನೆಲ್ಲ ತಿಳಿದವರನ್ನು ಕೇಳಿಯೇ ಗೊತ್ತು ಮಾಡಿಕೊಳ್ಳಬೇಕು. ಹಾಗೆ ಕೇಳಿದಾಗ ಉತ್ತರದಲ್ಲಿ ಅಭಿಪ್ರಾಯವೂ ಸೇರಿಕೊಳ್ಳುತ್ತದೆ, ನಿಜ. ಟೀಕೆ ಮಾಡುವವರು ಹಿಡಿಯುವುದು ಇದನ್ನೇ. ಉತ್ತರ ಬರೆದವರು ಯಾರು, ಎಷ್ಟು ಜನ ಅಂತ ಕೇಳುವುದು ಸರಿಯಾದ ಪ್ರಶ್ನೆಯೇ. ಆದರೆ ಅದಕ್ಕಾಗಿ ಬರೀ ಎಣಿಕೆಗೆ ವಾಪಸ್ ಹೋದರೆ ನೇಪ್‌ಸಬಡ್‌ಶಾಗ್ ಮುಚ್ಚಿದ್ದು ಲೆಕ್ಕಕ್ಕೇ ಬರುವುದಿಲ್ಲ.

ಈಗ ಸ್ಥಾನಕ್ಕೆ ಬರೋಣ. ಜನ ಅತಿ ಹೆಚ್ಚು ನೋಡುವುದು ಇದನ್ನೇ. ನನ್ನ ಪ್ರಕಾರ ಅತಿ ಕಡಿಮೆ ಹೇಳುವುದೂ ಇದೇ. ಹಂಗೇರಿ 2021ರಲ್ಲಿ 92ನೇ ಸ್ಥಾನದಲ್ಲಿತ್ತು. 2022ರಲ್ಲಿ 85, 2023ರಲ್ಲಿ 72, 2024ರಲ್ಲಿ 67. ಮೂರೇ ವರ್ಷದಲ್ಲಿ 25 ಮೆಟ್ಟಿಲು ಮೇಲೆ! ಕೆಸ್ಮಾ ಒಡೆಯಿತಾ? ಇಲ್ಲ. ಕ್ಲುಬ್‌ರಾಡಿಯೋಗೆ ತರಂಗಾಂತರ ಸಿಕ್ಕಿತಾ? ಅದೂ ಇಲ್ಲ. 2022ರಲ್ಲಿ ಆರ್‌ಎಸ್‌ಎಫ್ ಅಳೆಯುವ ವಿಧಾನವನ್ನೇ ಬದಲಾಯಿಸಿತು. ಅದಕ್ಕೂ ಹಿಂದೆ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತಿತ್ತು, ಈಗ ತಿರುಗುಮುರುಗು. ಹಳೆಯ ಸ್ಥಾನವನ್ನು ಹೊಸದಕ್ಕೆ ಹೋಲಿಸುವಾಗ ಹುಷಾರಾಗಿರಿ ಅಂತ ಸಂಸ್ಥೆಯೇ ಹೇಳುತ್ತದೆ. ಆದರೆ ಆ ಎಚ್ಚರಿಕೆ ಹೆಡ್‌ಲೈನಿಗೆ ಬರುವುದಿಲ್ಲ.

ವಿಧಾನ ಬದಲಾದ ಮೇಲಿನದನ್ನಷ್ಟೇ ನೋಡಿದರೂ ಇದೇ ಕಥೆ. 2023ರಲ್ಲಿ ಹಂಗೇರಿಯ ಅಂಕ ಹೆಚ್ಚುಕಡಿಮೆ 63. 2024ರಲ್ಲೂ ಹೆಚ್ಚುಕಡಿಮೆ 63. ಸ್ಥಾನ ಮಾತ್ರ 72ರಿಂದ 67ಕ್ಕೆ ಏರಿತು. ಕ್ಲಾಸಿನಲ್ಲಿ ಮುಂದಿದ್ದ ಐದು ಹುಡುಗರ ಅಂಕ ಬಿದ್ದರೆ, ಇದ್ದಲ್ಲೇ ಇದ್ದವನ ರ್‍ಯಾಂಕ್ ಸುಮ್ನೆ ಮೇಲೆ ಹೋದ ಹಾಗೆ. ಓರ್ಬಾನ್ ಸರ್ಕಾರ ಏನೂ ಮಾಡಬೇಕಾಗಿ ಬರಲಿಲ್ಲ.

ಇದಿಷ್ಟು ಪತ್ರಿಕೆಗಳ ಮಾತಾಯಿತು. ನಾಗರಿಕ ಸ್ವಾತಂತ್ರ್ಯ ಅಂದರೆ ಇನ್ನೂ ಅಗಲವಾದದ್ದು. ಮಾತಾಡುವ, ನಂಬುವ, ಸಂಘ ಕಟ್ಟುವ, ಮೆರವಣಿಗೆ ಹೋಗುವ, ನ್ಯಾಯಾಲಯದಲ್ಲಿ ನ್ಯಾಯ ಸಿಗುವ, ಎಲ್ಲಿ ಬೇಕಾದರೂ ಓದಿ ಬದುಕುವ ಹಕ್ಕುಗಳೆಲ್ಲ ಇದರಲ್ಲಿ ಬರುತ್ತವೆ. ಇದನ್ನು ಅಳೆಯುವವರಲ್ಲಿ ಹಳಬರು ವಾಷಿಂಗ್ಟನ್‌ನ ಫ್ರೀಡಂ ಹೌಸ್. 1941ರಲ್ಲಿ ಶುರುವಾದ ಸಂಸ್ಥೆ, 1970ರ ದಶಕದಿಂದ ವಾರ್ಷಿಕ ವರದಿ. ಇವರಲ್ಲಿ 25 ಪ್ರಶ್ನೆಗಳಿವೆ, ಒಂದೊಂದಕ್ಕೆ 0ಯಿಂದ 4 ಅಂಕ. ಹತ್ತು ಪ್ರಶ್ನೆ ರಾಜಕೀಯ ಹಕ್ಕುಗಳ ಬಗ್ಗೆ, ಹದಿನೈದು ನಾಗರಿಕ ಸ್ವಾತಂತ್ರ್ಯದ ಬಗ್ಗೆ. ಒಟ್ಟು 100. ಕೊನೆಗೆ ದೇಶಕ್ಕೆ ಒಂದು ಹಣೆಪಟ್ಟಿ: ಸ್ವತಂತ್ರ, ಭಾಗಶಃ ಸ್ವತಂತ್ರ, ಸ್ವತಂತ್ರವಲ್ಲ.

ಫ್ರೀಡಂ ಹೌಸಿಗೆ ಅಮೆರಿಕ ಸರ್ಕಾರದ ಹಣ ದೊಡ್ಡ ಮಟ್ಟದಲ್ಲಿ ಬರುತ್ತಿತ್ತು ಅನ್ನುವುದು ಹಳೆಯ ಆಕ್ಷೇಪ. ಅದು ತಲೆಯಲ್ಲಿರಲಿ. ಆದರೆ ಇವರ ವರದಿಯಲ್ಲಿ ಒಂದು ಅನುಕೂಲ ಇದೆ. ಪ್ರತಿ ಪ್ರಶ್ನೆಗೂ ಎಷ್ಟು ಅಂಕ, ಯಾಕೆ ಅಷ್ಟು ಅಂತ ಬಿಡಿಬಿಡಿಯಾಗಿ ಬರೆದಿರುತ್ತಾರೆ. ಒಪ್ಪದಿದ್ದರೆ ಆ ಸಾಲಿನಲ್ಲೇ ಜಗಳ ತೆಗೆಯಬಹುದು.

2018ರ ವರದಿಯಲ್ಲಿ ಹಂಗೇರಿಗೆ 72 ಅಂಕ, ಹಣೆಪಟ್ಟಿ ‘ಸ್ವತಂತ್ರ’. 2019ರಲ್ಲಿ 70 ಅಂಕ, ಹಣೆಪಟ್ಟಿ ‘ಭಾಗಶಃ ಸ್ವತಂತ್ರ’. ಐರೋಪ್ಯ ಒಕ್ಕೂಟದ ದೇಶವೊಂದಕ್ಕೆ ಹೀಗಾದದ್ದು ಅದೇ ಮೊದಲು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆದರೆ ಬಿದ್ದದ್ದು ಎರಡೇ ಅಂಕ. ಅದಕ್ಕೂ ಹಿಂದಿನ ವರ್ಷ ಬಿದ್ದದ್ದು ನಾಲ್ಕು ಅಂಕ, 76ರಿಂದ 72ಕ್ಕೆ. ಆಗ ಗೆರೆ ದಾಟಿರಲಿಲ್ಲ, ಹಾಗಾಗಿ ಇಷ್ಟು ಗದ್ದಲ ಆಗಲಿಲ್ಲ. ವಿದೇಶಿ ಹಣ ಪಡೆಯುವ ಸಂಘ ಸಂಸ್ಥೆಗಳು ತಮ್ಮನ್ನು ಹಾಗಂತ ಘೋಷಿಸಿಕೊಳ್ಳಬೇಕು ಅನ್ನುವ ಕಾನೂನು ಬಂದದ್ದು 2017ರಲ್ಲಿ, ಅಂದರೆ ಆ ನಾಲ್ಕು ಅಂಕ ಬಿದ್ದ 2018ರ ವರದಿ ಲೆಕ್ಕಕ್ಕೆ ತೆಗೆದುಕೊಂಡ ವರ್ಷದಲ್ಲಿ. ಅದನ್ನು ಐರೋಪ್ಯ ನ್ಯಾಯಾಲಯ 2020ರಲ್ಲಿ ತಪ್ಪು ಅಂತ ಹೇಳಿತು. ಬುಡಾಪೆಸ್ಟಿನಲ್ಲಿದ್ದ ಸೆಂಟ್ರಲ್ ಯುರೋಪಿಯನ್ ಯೂನಿವರ್ಸಿಟಿಯನ್ನು ಇಕ್ಕಟ್ಟಿಗೆ ಸಿಕ್ಕಿಸಿದ ಉನ್ನತ ಶಿಕ್ಷಣ ಕಾನೂನಿನ ತಿದ್ದುಪಡಿಯೂ 2017ರದ್ದೇ. ಆ ವಿಶ್ವವಿದ್ಯಾಲಯ ಕೊನೆಗೆ ವಿಯೆನ್ನಾಗೆ ಗಂಟುಮೂಟೆ ಕಟ್ಟಿತು.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿರುವ, ಪ್ರಜಾಪ್ರಭುತ್ವ ಅಳೆಯುವ ವಿ-ಡೆಮ್ ಸಂಸ್ಥೆ ಇನ್ನೊಂದು ಬಗೆ. ಸಾವಿರಾರು ತಜ್ಞರ ಉತ್ತರಗಳನ್ನು ಸಂಖ್ಯಾಶಾಸ್ತ್ರದಲ್ಲಿ ಹದ ಮಾಡಿ, ಅಂಕದ ಜೊತೆಗೇ ‘ಇಷ್ಟು ಹೆಚ್ಚುಕಡಿಮೆ ಇರಬಹುದು’ ಅನ್ನುವ ಅಂದಾಜನ್ನೂ ಕೊಡುತ್ತದೆ. ನನಗೆ ಈ ಪ್ರಾಮಾಣಿಕತೆ ಇಷ್ಟ. 2020ರ ವರದಿಯಲ್ಲಿ ಅದು ಹಂಗೇರಿಯನ್ನು ‘ಚುನಾವಣೆ ಇರುವ ನಿರಂಕುಶ ಆಡಳಿತ’ದ ಗುಂಪಿಗೆ ಹಾಕಿತು. ಅಂದರೆ ಮತದಾನ ನಡೆಯುತ್ತದೆ, ಆದರೆ ಆಟದ ಮೈದಾನ ಸಮ ಇಲ್ಲ. ಫ್ರೀಡಂ ಹೌಸ್ ಅದೇ ದೇಶವನ್ನು ‘ಭಾಗಶಃ ಸ್ವತಂತ್ರ’ ಅನ್ನುತ್ತದೆ, ಆರ್‌ಎಸ್‌ಎಫ್ ‘ಸಮಸ್ಯೆ ಇದೆ’ ಅನ್ನುವ ಸಾಲಿನಲ್ಲಿಡುತ್ತದೆ. ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಮಾಧ್ಯಮ ಸ್ವತಂತ್ರವಾಗಿದೆಯಾ ಅನ್ನುವ ಪ್ರಶ್ನೆಗೆ ಫ್ರೀಡಂ ಹೌಸ್ ಹಂಗೇರಿಗೆ 4ಕ್ಕೆ 2 ಕೊಟ್ಟಿದೆ. ಕೈತಪ್ಪಿದ ಎರಡು ಅಂಕದ ಕಥೆ ಮೇಲೆ ನೋಡಿದೆವು. ಸಿಕ್ಕ ಎರಡು ಅಂಕಕ್ಕೂ ಕಾರಣ ಇದೆ. 2020ರ ಜುಲೈಯಲ್ಲಿ ದೇಶದ ದೊಡ್ಡ ಸುದ್ದಿ ವೆಬ್‌ಸೈಟ್ ಇಂಡೆಕ್ಸ್ ತನ್ನ ಪ್ರಧಾನ ಸಂಪಾದಕರನ್ನು ತೆಗೆದುಹಾಕಿತು. 70ಕ್ಕೂ ಹೆಚ್ಚು ಪತ್ರಕರ್ತರು ಅದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ಅವರಲ್ಲಿ ಹಲವರು ಓದುಗರಿಂದ ಚಂದಾ ಎತ್ತಿ ಅದೇ ಅಕ್ಟೋಬರಿನಲ್ಲಿ ಟೆಲೆಕ್ಸ್ ಅನ್ನುವ ಹೊಸ ಸೈಟ್ ಶುರು ಮಾಡಿದರು. ಡಿರೆಕ್ಟ್36 ಅನ್ನುವ ಸಣ್ಣ ತಂಡ 2021ರಲ್ಲಿ, ಫೋನಿನೊಳಗೆ ಕದ್ದು ನುಸುಳುವ ಪೆಗಾಸಸ್ ತಂತ್ರಾಂಶದ ಗೂಢಚರ್ಯೆಯ ಹಂಗೇರಿ ಭಾಗವನ್ನು ಹೊರಗೆಡವಿತು. ಹಾಗೆ ಕಣ್ಗಾವಲಿಗೆ ಸಿಕ್ಕವರ ಪೈಕಿ ಆ ತಂಡದವರೂ ಇದ್ದರು. ವರದಿ ಪ್ರಕಟವಾಯಿತು, ಯಾರೂ ತಡೆಯಲಿಲ್ಲ, ಓದಬೇಕೆಂದವರು ಓದಿದರು.