ಹೇಳಿದ್ದನ್ನ ಹೇಳಿದ ಹಂಗೇ ಮಾಡೋ ಮಷೀನಿನ ಭಯ

ಸಕಲೇಶಪುರ ಕಡೆಯ ಫ್ರೆಂಡ್ ಒಬ್ಬ ಹಾರರ್ ಕಾದಂಬರಿ ಬರೀತಿದಾನೆ. ಕಾಫಿ ತೋಟ, ಹಳೇ ಬಂಗಲೆ, ಬಿಡದೆ ಸುರಿಯೋ ಮಳೆ, ಎಲ್ಲಾ ಇದೆ, ದೆವ್ವ ಮಾತ್ರ ಇಲ್ಲ. ಬದಲಿಗೆ ಮನೆ ಕಾಯೋ ಎಐ. ಆನೆ ಬಂದ್ರೆ ಬಾಗಿಲು ಹಾಕು, ಮನೆಯವ್ರಿಗೆ ಏನೂ ಆಗಬಾರ್ದು ಅಂತ ಹೇಳಿಟ್ಟಿರ್ತಾರೆ, ಅದು ಹಾಕುತ್ತೆ, ಆಮೇಲೆ ತೆಗೆಯೋದೇ ಇಲ್ಲ, ಯಾಕಂದ್ರೆ ಆ ಕಡೆ ಆನೆ ಯಾವಾಗ ಬೇಕಾದ್ರೂ ಬರಬಹುದಲ್ಲ.

ಈ ಥರದ ಕಥೆಗಳಿಗೆ 1818ರ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ಮೂಲ ಅಂತಾರೆ. ಇರ್ಲಿ, ಆದ್ರೆ ಅಲ್ಲಿರೋದು ಮಷೀನಲ್ಲ, ಹುಟ್ಟಿಸಿದೋನೇ ಕೈಬಿಟ್ಟ ಜೀವದ ಸಿಟ್ಟು. ‘ರೋಬೋಟ್’ ಅನ್ನೋ ಪದ ಬಂದಿದ್ದು ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ, ‘ರೊಬೊತಾ’ ಅಂದ್ರೆ ಬಿಟ್ಟಿ ಚಾಕರಿ. ರಷ್ಯಾದಲ್ಲಿ ಕ್ರಾಂತಿಯಾಗಿ ಮೂರೇ ವರ್ಷ, ನಾಟಕದಲ್ಲಿ ರೋಬೋಟ್‌ಗಳು ದಂಗೆ ಏಳೋದು ಥೇಟ್ ಕೂಲಿಯವ್ರ ಥರ.

ನಂಗೆ ಮೈ ಜುಂ ಅನ್ನಿಸೋದು 1947ರ ಒಂದು ಕಥೆ, ಜ್ಯಾಕ್ ವಿಲಿಯಮ್ಸನ್‌ದು, ‘ವಿತ್ ಫೋಲ್ಡೆಡ್ ಹ್ಯಾಂಡ್ಸ್’. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಅನ್ನೋ ಹೆಸರೇ ಇನ್ನೂ ಹುಟ್ಟಿರ್ಲಿಲ್ಲ, ಅದು ಬಂದಿದ್ದು 1955ರಲ್ಲಿ. ಸೇವೆ ಮಾಡು, ಮಾತು ಕೇಳು, ಮನುಷ್ಯರನ್ನ ಅಪಾಯದಿಂದ ಕಾಪಾಡು, ಇಷ್ಟೇ ಆ ರೋಬೋಟ್‌ಗಳಿಗೆ ಹೇಳಿದ್ದು. ಅವು ಎಷ್ಟು ಕಾಪಾಡ್ತವೆ ಅಂದ್ರೆ ಜನ ಕೈ ಕಟ್ಕೊಂಡು ಕೂರಬೇಕು, ಯಾರಾದ್ರೂ ಬೇಜಾರು ಮಾಡ್ಕೊಂಡ್ರೆ ಮೆದುಳಿಗೇ ಆಪರೇಷನ್! ದ್ವೇಷ ಒಂಚೂರೂ ಇಲ್ಲ ಕಣ್ರೀ. 1968ರ ‘2001’ ಕಾದಂಬರೀಲಿ ಬಾಹ್ಯಾಕಾಶ ನೌಕೆ ನಡೆಸೋ ‘ಹಾಲ್’ ಅನ್ನೋ ಕಂಪ್ಯೂಟರ್ ಕೆಟ್ಟಿದ್ದೂ ಇದೇ ದಾರೀಲಿ, ಸುಳ್ಳು ಹೇಳಬಾರ್ದು ಅಂತ ಮಾಡಿದ್ದಕ್ಕೆ ಸಿಬ್ಬಂದಿಯಿಂದ ಗುಟ್ಟು ಮುಚ್ಚಿಡು ಅಂತ ಆರ್ಡರ್ ಕೊಟ್ರು.

ಎಲ್ರೂ ಇದನ್ನ ಭಸ್ಮಾಸುರನ ಕಥೆ ಅಂತಾರೆ, ನಾನು ಅರ್ಧ ಒಪ್ತೀನಿ. ಇವು ಭಸ್ಮಾಸುರ ಅಲ್ಲ, ಅವನಿಗೆ ಸಿಕ್ಕ ವರ. ವರ ಯಾರ ತಲೆ ಅಂತ ನೋಡಲ್ಲ.

ನಿಜ ಜೀವನದಲ್ಲೂ ಮಷೀನ್ ಮಾಡಿದೋನೇ ಹೆದರಿದ್ದುಂಟು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲೈಜಾ ಅಂತ ಮಾತಾಡೋ ಪ್ರೋಗ್ರಾಂ ಮಾಡಿದ್ರು, ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳೋದು ಅಷ್ಟೇ, ಅದ್ರ ಹತ್ರ ಅವರ ಸೆಕ್ರೆಟರಿನೇ ಮನಸು ಬಿಚ್ಚಿ ಮಾತಾಡಕ್ಕೆ ಶುರು ಮಾಡಿ, ನೀವು ಸ್ವಲ್ಪ ಆಚೆ ಹೋಗ್ತೀರಾ ಅಂದ್ರಂತೆ.

ಹಾಸನದವ್ರಿಗೆ ದೂರದ ಮಷೀನಿಗೆ ಆರ್ಡರ್ ಕೊಡೋದೇನು ಹೊಸದಲ್ಲ, ಸಾಲಗಾಮೆ ರೋಡಿನ ಎಂಸಿಎಫ್, ಅಂದ್ರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಿಂದ 1982ರಿಂದ್ಲೂ 36,000 ಕಿಲೋಮೀಟರ್ ಮೇಲಿರೋ ಉಪಗ್ರಹಗಳಿಗೆ ಕಮಾಂಡ್ ಹೋಗ್ತಿದೆ. ಅಲ್ಲಿ ಏನು ಕಳಿಸ್ತೀವೋ ಅದೇ ಲೆಕ್ಕ, ಏನು ಅಂದ್ಕೊಂಡಿದ್ವಿ ಅನ್ನೋದು ಲೆಕ್ಕಕ್ಕಿಲ್ಲ.

ಮೊನ್ನೆ ಫ್ರೆಂಡ್‌ಗೆ ಕೇಳ್ದೆ, ‘ಮನೆಯವ್ರು’ ಅಂತ ಬರ್ದಿದೀಯಲ್ಲ, ರಾತ್ರಿ ಆನೆ ಬಂದಾಗ ಲೈನ್ ಮನೆಗಳಲ್ಲಿರೋ ತೋಟದ ಕೂಲಿಯವ್ರು ಓಡಿ ಬಂದು ಬಂಗಲೆ ಬಾಗಿಲು ಬಡಿದ್ರೆ ಅದು ತೆಗೆಯುತ್ತಾ? ತುಂಬಾ ಹೊತ್ತು ಸುಮ್ನಿದ್ದ. ಮೂರನೇ ಅಧ್ಯಾಯದಿಂದ ಮತ್ತೆ ಬರೀತಿದಾನೆ ಈಗ.