ಖರ್ಚೋ ಆಸ್ತಿಯೋ? ಕಟ್ಟಡ, ಬಾಂಡ್, ಸಾಫ್ಟ್‌ವೇರ್ ಲೆಕ್ಕದ ನಿಯಮಗಳು ಬೆಳೆದ ಬಗೆ

ಕಂಪನಿ ಖರ್ಚು ಮಾಡಿದ ಹಣಕ್ಕೆ ಲೆಕ್ಕದ ಪುಸ್ತಕದಲ್ಲಿ ಎರಡೇ ದಾರಿ. ಒಂದೋ ಅದು ಆ ವರ್ಷದ ವೆಚ್ಚವಾಗಿ ಲಾಭವನ್ನು ತಗ್ಗಿಸುತ್ತದೆ, ಇಲ್ಲವೇ ಆಸ್ತಿಯಾಗಿ ಬ್ಯಾಲೆನ್ಸ್ ಶೀಟ್ ಸೇರಿ ವರ್ಷ ವರ್ಷ ಸವಕಳಿಯಾಗಿ ಕರಗುತ್ತದೆ. 2002ರ ಜೂನ್‌ನಲ್ಲಿ ಬಯಲಾದ ಅಮೆರಿಕದ ವರ್ಲ್ಡ್‌ಕಾಮ್ ಹಗರಣದ ತಿರುಳು ಇದೇ. ಬೇರೆ ಟೆಲಿಫೋನ್ ಕಂಪನಿಗಳ ಜಾಲ ಬಳಸಿದ್ದಕ್ಕೆ ಕೊಟ್ಟ ಶುಲ್ಕವನ್ನು ಆಸ್ತಿ ಎಂದು ಬರೆದು, ಐದು ತ್ರೈಮಾಸಿಕಗಳಲ್ಲಿ ಸುಮಾರು 380 ಕೋಟಿ ಡಾಲರ್ ವೆಚ್ಚವನ್ನು ಅದು ಮುಚ್ಚಿಟ್ಟಿತ್ತು. ಮುಂದಿನ ತಿಂಗಳೇ ದಿವಾಳಿ ಅರ್ಜಿ ಹಾಕಿತು. ಇಂದಿನ ನಿಯಮಗಳಲ್ಲಿ ಬಹುಪಾಲು ಇಂಥ ಪೆಟ್ಟುಗಳ ನಂತರ ಬಂದವೇ.

ಕಟ್ಟಡ, ಜಮೀನುಗಳ ವಿಚಾರದಲ್ಲಿ ಜಗಳ ಹಳೆಯದು. 1920ರ ದಶಕದಲ್ಲಿ ಅಮೆರಿಕದ ಹಲವು ಕಂಪನಿಗಳು ಅಂದಾಜುಗಾರರ ಮಾತಿನ ಮೇಲೆ ಆಸ್ತಿಯ ಬೆಲೆಯನ್ನು ಏರಿಸಿ ಬರೆದವು. 1929ರ ಕುಸಿತದ ನಂತರ, 1934ರಲ್ಲಿ ಹುಟ್ಟಿದ ಷೇರುಪೇಟೆ ನಿಯಂತ್ರಣ ಆಯೋಗ ಈ ಅಭ್ಯಾಸಕ್ಕೆ ತಡೆಯೊಡ್ಡಿತು. ಅಲ್ಲಿ ಇಂದಿಗೂ ಸ್ಥಿರಾಸ್ತಿ ನಿಲ್ಲುವುದು ಕೊಂಡ ಬೆಲೆಯ ಮೇಲೆಯೇ. ಬ್ರಿಟನ್ನಿನಲ್ಲಿ ಮಾತ್ರ ಮರುಮೌಲ್ಯಮಾಪನ, ಅಂದರೆ ಆಸ್ತಿಯನ್ನು ಈಗಿನ ಬೆಲೆಗೆ ತಿದ್ದಿ ಬರೆಯುವುದು, ಮುಂದುವರಿಯಿತು. 1982ರ ಅಂತರರಾಷ್ಟ್ರೀಯ ಮಾನದಂಡ ಐಎಎಸ್ 16 ಎರಡು ದಾರಿಗಳನ್ನೂ ತೆರೆದಿಟ್ಟಿತು. ಬಾಡಿಗೆಗೆಂದೇ ಇಟ್ಟ ಕಟ್ಟಡಗಳಿಗೆ 2000ದಲ್ಲಿ ಐಎಎಸ್ 40 ಬಂತು.

ಇದರಿಂದಾದ ವ್ಯತ್ಯಾಸ ಸಣ್ಣದಲ್ಲ. 60 ಕೋಟಿಗೆ ಕೊಂಡ, 30 ವರ್ಷ ಬಾಳುವ ಕಟ್ಟಡವೊಂದರ ಪೇಟೆ ಬೆಲೆ ಒಂದೇ ವರ್ಷದಲ್ಲಿ 87 ಕೋಟಿಗೆ ಏರಿತೆನ್ನಿ. ಸ್ವಂತ ಕಚೇರಿಯಾಗಿದ್ದು ಮೂಲ ಬೆಲೆಯ ಪದ್ಧತಿ ಹಿಡಿದರೆ, 2 ಕೋಟಿ ಸವಕಳಿ ಕಳೆದು ಪುಸ್ತಕದಲ್ಲಿ 58 ಕೋಟಿ. ಮರುಮೌಲ್ಯಮಾಪನ ಮಾಡಿದರೆ 29 ಕೋಟಿ ಹೆಚ್ಚಳ ಲಾಭಕ್ಕೆ ಹೋಗದೆ ಪ್ರತ್ಯೇಕ ಮೀಸಲಿಗೆ ಹೋಗುತ್ತದೆ, ಮುಂದಿನ 29 ವರ್ಷ ಸವಕಳಿ 3 ಕೋಟಿಯಾಗುತ್ತದೆ. ಅದೇ ಕಟ್ಟಡವನ್ನು ಬಾಡಿಗೆಗೆ ಕೊಟ್ಟು ಪೇಟೆ ಬೆಲೆಯ ಪದ್ಧತಿ ಆರಿಸಿಕೊಂಡರೆ ಸವಕಳಿಯೇ ಇಲ್ಲ, 27 ಕೋಟಿ ನೇರ ಆ ವರ್ಷದ ಲಾಭ. ಕಟ್ಟಡ ಒಂದೇ, ಬದಲಾದದ್ದು ಅದರ ಉದ್ದೇಶ ಮತ್ತು ಆಯ್ಕೆಮಾಡಿದ ಪದ್ಧತಿ. ಬರೀ ಲಾಭದ ಅಂಕಿ ನೋಡಿ ಎರಡು ಕಂಪನಿಗಳನ್ನು ಹೋಲಿಸುವವರು ಎಡವುವುದು ಇಲ್ಲೇ.

ಹೂಡಿಕೆಗಳಲ್ಲಂತೂ ಉದ್ದೇಶವೇ ಎಲ್ಲ. 1980ರ ದಶಕದಲ್ಲಿ ಅಮೆರಿಕದ ಹಣಕಾಸು ಸಂಸ್ಥೆಗಳು ಬೆಲೆ ಏರಿದ ಬಾಂಡ್‌ಗಳನ್ನು ಮಾರಿ ಲಾಭ ತೋರಿಸುತ್ತಿದ್ದವು, ಇಳಿದವನ್ನು ಕೊಂಡ ಬೆಲೆಯಲ್ಲೇ ಉಳಿಸಿಕೊಳ್ಳುತ್ತಿದ್ದವು. 1993ರ ಅಮೆರಿಕದ ಲೆಕ್ಕ ಮಾನದಂಡ ಎಫ್‌ಎಎಸ್ 115 ಮೂರು ಬುಟ್ಟಿ ಮಾಡಿತು: ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವವು, ವಹಿವಾಟಿನವು, ಮಾರಾಟಕ್ಕೆ ಲಭ್ಯವಿರುವವು. ಮೊದಲನೆಯದರಲ್ಲಿ ಪೇಟೆ ಬೆಲೆಯ ಏರಿಳಿತ ಬ್ಯಾಲೆನ್ಸ್ ಶೀಟ್ ಮುಟ್ಟುವುದಿಲ್ಲ. ಸಿಲಿಕಾನ್ ವ್ಯಾಲಿ ಬ್ಯಾಂಕಿನ ಮಾತೃಸಂಸ್ಥೆ 2022ರ ಕೊನೆಗೆ ಸುಮಾರು 9,100 ಕೋಟಿ ಡಾಲರ್ ಬಾಂಡ್‌ಗಳನ್ನು ಇದೇ ಬುಟ್ಟಿಯಲ್ಲಿಟ್ಟಿತ್ತು. ಬಡ್ಡಿದರ ಏರಿ ಅವುಗಳ ಪೇಟೆ ಬೆಲೆ ಸುಮಾರು 1,500 ಕೋಟಿ ಕುಸಿದಿತ್ತು; ಸಂಸ್ಥೆಯ ಸ್ವಂತ ಬಂಡವಾಳ ಇದ್ದದ್ದೇ ಸುಮಾರು 1,600 ಕೋಟಿ. ಇದಾವುದೂ ಗುಟ್ಟಾಗಿರಲಿಲ್ಲ, ವಾರ್ಷಿಕ ವರದಿಯ ಟಿಪ್ಪಣಿಯಲ್ಲೇ ಅಚ್ಚಾಗಿತ್ತು. 2023ರ ಮಾರ್ಚ್ 10ರಂದು ಬ್ಯಾಂಕ್ ಮುಚ್ಚಿತು. ಅಂತರರಾಷ್ಟ್ರೀಯ ಮಾನದಂಡಗಳಲ್ಲಿ 2018ರಿಂದ ಜಾರಿಯಲ್ಲಿರುವ ಐಎಫ್‌ಆರ್‌ಎಸ್ 9 ಬಾಂಡ್‌ಗಳಿಗೆ ಎರಡು ಪ್ರಶ್ನೆ ಕೇಳುತ್ತದೆ: ಬರುವ ಹಣ ಬರೀ ಅಸಲು ಮತ್ತು ಬಡ್ಡಿಯೇ? ಕಂಪನಿ ಇವನ್ನು ಇಟ್ಟುಕೊಳ್ಳುತ್ತದೋ, ಮಾರುತ್ತದೋ? ಇಟ್ಟುಕೊಂಡು ಅಸಲು–ಬಡ್ಡಿ ಪಡೆಯುವುದಷ್ಟೇ ಉದ್ದೇಶವಾದರೆ ಅಲ್ಲೂ ಪೇಟೆ ಬೆಲೆ ಟಿಪ್ಪಣಿಯಲ್ಲೇ ಉಳಿಯುತ್ತದೆ.

ಎಲ್ಲಕ್ಕಿಂತ ತೊಡಕಿನದು ಸಾಫ್ಟ್‌ವೇರ್. ಅಮೆರಿಕದಲ್ಲಿ 1974ರ ನಿಯಮ ಸಂಶೋಧನೆ ಮತ್ತು ಅಭಿವೃದ್ಧಿಯ ಖರ್ಚನ್ನೆಲ್ಲ ವೆಚ್ಚವೆಂದಿತು. ಮಾರಾಟದ ಸಾಫ್ಟ್‌ವೇರ್‌ಗೆ 1985ರಲ್ಲಿ, ಸ್ವಂತ ಬಳಕೆಯದಕ್ಕೆ 1998ರಲ್ಲಿ ಬೇರೆ ನಿಯಮ ಬಂದವು. 1998ರ ನಿಯಮ ಕೆಲಸವನ್ನು ಮೂರು ಹಂತಗಳಾಗಿ ಸೀಳಿತು. ಯೋಚನೆ, ಪರಿಶೀಲನೆಯ ಹಂತದ್ದು ವೆಚ್ಚ. ಕೋಡ್ ಬರೆದು ಪರೀಕ್ಷಿಸುವ ಹಂತದ್ದು ಆಸ್ತಿ. ಬಳಕೆಗೆ ಬಂದ ಮೇಲಿನ ನಿರ್ವಹಣೆ ಮತ್ತೆ ವೆಚ್ಚ. ಸಿಬ್ಬಂದಿ ತರಬೇತಿ ಯಾವ ಹಂತದಲ್ಲೂ ಆಸ್ತಿಯಲ್ಲ. ಹಳೆಯ ಡೇಟಾ ವರ್ಗಾಯಿಸುವ ಕೆಲಸವೂ ಬಹುಮಟ್ಟಿಗೆ ಅಷ್ಟೆ.

ಆಚರಣೆಯಲ್ಲಿ ಕೆಡುವುದು ಎರಡು ಕಡೆ. ಎಂಜಿನಿಯರುಗಳ ಟೈಮ್‌ಶೀಟ್‌ನಲ್ಲಿ ದೋಷ ಸರಿಪಡಿಸಿದ ಗಂಟೆಗಳೂ ಹೊಸ ಸೌಲಭ್ಯ ಕಟ್ಟಿದ ಗಂಟೆಗಳೂ ಒಂದೇ ಶೀರ್ಷಿಕೆಯಡಿ ಬೀಳುತ್ತವೆ. ವರ್ಷಾಂತ್ಯಕ್ಕೆ ಲೆಕ್ಕಪರಿಶೋಧಕರು ಪುರಾವೆ ಕೇಳಿದಾಗ ಅಂದಾಜೇ ಗತಿ. ಎರಡನೆಯದು, ಬಳಕೆಗೆ ಸಿದ್ಧವಾದ ಸಾಫ್ಟ್‌ವೇರ್ ತಿಂಗಳುಗಟ್ಟಲೆ ‘ಪ್ರಗತಿಯಲ್ಲಿರುವ ಕಾಮಗಾರಿ’ ಖಾತೆಯಲ್ಲೇ ಉಳಿಯುವುದು. ಮೊದಲ ಬಳಕೆದಾರ ಲಾಗಿನ್ ಆಗುವವರೆಗೆ ಕಾಯುವಂತಿಲ್ಲ, ಸಿದ್ಧವಾದ ದಿನದಿಂದಲೇ ಅದರ ಬೆಲೆಯನ್ನು ವರ್ಷಗಳ ಮೇಲೆ ಹಂಚಲು ತೊಡಗಬೇಕು. ತಡಮಾಡಿದಷ್ಟು ತಿಂಗಳ ಲಾಭ ಸುಳ್ಳಾಗಿ ಉಬ್ಬುತ್ತದೆ.

ಕ್ಲೌಡ್ ಬಂದ ಮೇಲೆ ಕೊಂಡುಕೊಳ್ಳುವ ವಸ್ತುವೇ ಮಾಯವಾಯಿತು. ಅಂತರರಾಷ್ಟ್ರೀಯ ಮಾನದಂಡಗಳ ವ್ಯಾಖ್ಯಾನ ಸಮಿತಿ 2021ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದ್ದು ಇಷ್ಟು: ಬೇರೆಯವರ ಸರ್ವರ್‌ನಲ್ಲಿರುವ ಸಾಫ್ಟ್‌ವೇರ್ ನಿಮ್ಮ ಹಿಡಿತದಲ್ಲಿಲ್ಲ, ಆದ್ದರಿಂದ ಅದನ್ನು ನಿಮಗೆ ಹೊಂದಿಸಿಕೊಳ್ಳುವ ಖರ್ಚು ಸಾಮಾನ್ಯವಾಗಿ ವೆಚ್ಚವೇ. ನಿಮ್ಮದೇ ಹಿಡಿತದಲ್ಲಿರುವ ಪ್ರತ್ಯೇಕ ಕೋಡ್ ಹುಟ್ಟಿದರೆ ಮಾತ್ರ ಅದು ಆಸ್ತಿಯಾಗಬಹುದು. ಆಸ್ತಿ ಎಂದು ಬರೆದುಕೊಂಡಿದ್ದ ಕಂಪನಿಗಳು ಹಿಂದಿನ ವರ್ಷಗಳ ಲೆಕ್ಕವನ್ನೇ ತಿದ್ದಬೇಕಾಯಿತು. ಅಮೆರಿಕದ ನಿಯಮ 2018ರಿಂದ ಇಂಥ ಖರ್ಚಿನ ಒಂದು ಭಾಗವನ್ನು ಒಪ್ಪಂದದ ಅವಧಿಗೆ ಹಂಚಲು ಬಿಡುತ್ತದೆ.

1998ರ ನಿಯಮದ ಆ ಮೂರು ಹಂತಗಳೂ ಈಗ ಹೋಗುತ್ತಿವೆ. ವಾರವಾರ ಬಿಡುಗಡೆ ಮಾಡುವ ತಂಡಗಳಲ್ಲಿ ಯೋಜನೆ, ಕೋಡಿಂಗ್, ನಿರ್ವಹಣೆ ಒಟ್ಟಿಗೇ ನಡೆಯುತ್ತವೆ, ಗೆರೆ ಎಳೆಯುವುದೆಲ್ಲಿ? ಅಮೆರಿಕದ ಮಾನದಂಡ ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ಹಂತಗಳನ್ನು ಕೈಬಿಟ್ಟಿತು. ಇನ್ನು ಖರ್ಚು ಆಸ್ತಿಯಾಗಲು ಆಡಳಿತ ಮಂಜೂರಾತಿ ಕೊಟ್ಟು ಹಣಕ್ಕೆ ಬದ್ಧವಾಗಿರಬೇಕು, ಯೋಜನೆ ಮುಗಿದು ಉದ್ದೇಶಿತ ಕೆಲಸಕ್ಕೆ ಬರುವ ಸಂಭವ ಬಲವಾಗಿರಬೇಕು. ಹಿಂದೆ ಯಾರೂ ಮಾಡದ ತಂತ್ರವನ್ನು ನಂಬಿ, ಅದಿನ್ನೂ ಕೋಡ್ ಬರೆದು ಪರೀಕ್ಷಿಸಿ ಸಾಬೀತಾಗದಿದ್ದರೆ ಅಲ್ಲಿಯವರೆಗಿನದು ವೆಚ್ಚ. 2027ರ ಡಿಸೆಂಬರ್ 15ರ ನಂತರ ಶುರುವಾಗುವ ಲೆಕ್ಕವರ್ಷಗಳಿಗೆ ಇದು ಕಡ್ಡಾಯ, ಬಯಸಿದವರು ಮೊದಲೇ ಅಳವಡಿಸಿಕೊಳ್ಳಬಹುದು. ಹಾಗೆ ಮಾಡುವವರು ಮಂಜೂರಾತಿಯ ದಿನಾಂಕ ಮತ್ತು ತಾಂತ್ರಿಕ ಅನಿಶ್ಚಿತತೆ ಬಗೆಹರಿದ ದಿನಾಂಕ, ಎರಡನ್ನೂ ಪ್ರತಿ ಯೋಜನೆಯ ಕಡತದಲ್ಲಿ ಆಗಿಂದಾಗಲೇ ದಾಖಲಿಸಬೇಕಾಗುತ್ತದೆ.